ಉಂಡ ಮನೆಯ ವಿರುದ್ಧ ತೀರ್ಪು

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಅಧ್ಯಕ್ಷರಿಗೆ ತಿಂಗಳಿಗೆ 2,50,000 ರೂಪಾಯಿ ಸಂಬಳ, ಸದಸ್ಯರಿಗೆ 2,25,000. ಅಧ್ಯಕ್ಷರದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಮೂಲ ವೇತನಕ್ಕೆ, ಸದಸ್ಯರದು ಹೈಕೋರ್ಟ್ ನ್ಯಾಯಮೂರ್ತಿಯ ಮೂಲ ವೇತನಕ್ಕೆ ಸಮ. ಮೊತ್ತದ ಬಗ್ಗೆ ತಕರಾರು ತೆಗೆಯುವಂಥದ್ದು ಏನೂ ಇಲ್ಲ. ಆದರೆ ಈ ಹಣ ಯಾರ ಗಂಟಿನಿಂದ ಬರುತ್ತದೆ ಎಂದು ಹುಡುಕಿಕೊಂಡು ಹೋದರೆ ಬಹಳ ಹಳೆಯ ಧರ್ಮಸಂಕಟವೊಂದು ಎದುರಾಗುತ್ತದೆ.

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಭಾರತದ ಸಂಚಿತ ನಿಧಿಯ ಮೇಲೆ ನೇರವಾಗಿ ಹಾಕಿದ ವೆಚ್ಚ. ಸಂಸತ್ತು ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಯಾವ ಮಂತ್ರಿಯ ಮುನಿಸೂ ಆ ದುಡ್ಡನ್ನು ತಟ್ಟದಿರಲಿ ಎಂದೇ ಸಂವಿಧಾನ ಬರೆದವರು ಹೀಗೆ ಬೇಲಿ ಹಾಕಿದರು. ಹಸಿರು ನ್ಯಾಯಮಂಡಳಿಗೆ ಈ ಬೇಲಿ ಇಲ್ಲ. ಅದರ ಖರ್ಚು ಬರುವುದು ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದ ಬಜೆಟ್ಟಿನಿಂದ. ಗಣಿಗೆ, ಅಣೆಕಟ್ಟಿಗೆ, ಬಂದರಿಗೆ, ಹೆದ್ದಾರಿಗೆ ಪರಿಸರ ಅನುಮತಿ ಕೊಡುವುದೂ ಅದೇ ಸಚಿವಾಲಯ. ಆ ಅನುಮತಿ ತಪ್ಪು ಎಂದು ಯಾರಾದರೂ 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೇ ಕಲಮಿನಡಿ ಮೇಲ್ಮನವಿ ಹಾಕಿದಾಗ ಪೀಠದ ಮುಂದೆ ಪ್ರತಿವಾದಿಯಾಗಿ ನಿಲ್ಲುವುದೂ ಅದೇ. ಅಂದರೆ ಊಟ ಬಡಿಸುವ ಕೈಯೂ ಕಟಕಟೆ ಹಿಡಿದು ನಿಂತಿರುವ ಕೈಯೂ ಒಂದೇ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಸಾಮಾನ್ಯ ಬದುಕಿಗೆ ಅದು ಒಳ್ಳೆಯ ಮಾತೇ. ಹಸಿರು ಪೀಠದಲ್ಲಿ ಕುಳಿತವರಿಗೆ ಮಾತ್ರ ಇದಕ್ಕೆ ತೀರಾ ವಿರುದ್ಧವಾದ ಧರ್ಮ ಬೇಕು: ಉಂಡ ಮನೆಯವರು ತಪ್ಪು ಮಾಡಿದ್ದರೆ, ಉಂಡ ಕೈ ತೊಳೆದು ಬಂದು ಹಾಗೆಂದೇ ಬರೆಯಬೇಕು. ಅನ್ನದ ಋಣವನ್ನು ಇಷ್ಟು ಆಳವಾಗಿ ನಂಬುವ ಸಮಾಜದಲ್ಲಿ ಇದು ಸಾಧ್ಯವೇ? ಸಾಧ್ಯವಾಗಬೇಕಾದರೆ ಆ ಸಂಬಳ ಹೇಗಿರಬೇಕು?

ಭಾರತದ ಮನಸ್ಸು ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡಿದೆ, ಅದೂ ಒಂದು ನ್ಯಾಯಸಭೆಯಲ್ಲೇ. ಹಸ್ತಿನಾವತಿಯ ದ್ಯೂತಸಭೆಯಲ್ಲಿ ದ್ರೌಪದಿ ಎತ್ತಿದ್ದು ಅಚ್ಚುಕಟ್ಟಾದ ಕಾನೂನಿನ ಪ್ರಶ್ನೆ: ತನ್ನನ್ನು ತಾನೇ ಸೋತವನಿಗೆ ಆಮೇಲೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿತ್ತು? ಸಭೆಯಲ್ಲಿದ್ದವರ ಪೈಕಿ ಧರ್ಮಶಾಸ್ತ್ರ ಬಲ್ಲವರಲ್ಲಿ ಹಿರಿಯ ಭೀಷ್ಮ. ಧರ್ಮ ಸೂಕ್ಷ್ಮವಾದದ್ದು, ನಿರ್ಣಯಿಸಲಾರೆ ಎಂದ ಆತ. ಮುಂದೆ ಯುದ್ಧದ ಮೊದಲ ಬೆಳಿಗ್ಗೆ ಧರ್ಮರಾಯ ಕವಚ ಕಳಚಿಟ್ಟು ಕಾಲ್ನಡಿಗೆಯಲ್ಲಿ ಹೋಗಿ ಆಶೀರ್ವಾದ ಬೇಡಿದಾಗ ಅದೇ ಭೀಷ್ಮ ಮನಸ್ಸು ಬಿಚ್ಚುತ್ತಾನೆ. ಮನುಷ್ಯ ಹಣಕ್ಕೆ ದಾಸ, ಹಣ ಯಾರಿಗೂ ದಾಸನಲ್ಲ, ಕೌರವರ ಹಣ ನನ್ನನ್ನು ಕಟ್ಟಿಹಾಕಿದೆ ಎನ್ನುತ್ತಾನೆ. ದ್ರೋಣ, ಕೃಪ, ಶಲ್ಯರ ಬಾಯಲ್ಲೂ ಅದೇ ಮಾತು ಬರುತ್ತದೆ. ಹರಿಕಥೆಯವರು ಇದಕ್ಕೆ ಇನ್ನೊಂದು ಕಥೆ ಸೇರಿಸುತ್ತಾರೆ: ಶರಮಂಚದ ಮೇಲೆ ಧರ್ಮ ಬೋಧಿಸುತ್ತಿದ್ದ ಅಜ್ಜನನ್ನು ಕಂಡು ದ್ರೌಪದಿ ನಕ್ಕಳಂತೆ, ಅಂದು ಈ ಧರ್ಮ ಎಲ್ಲಿ ಹೋಗಿತ್ತು ಎಂದು. ದುರ್ಯೋಧನನ ಅನ್ನದಿಂದ ಕೆಟ್ಟ ರಕ್ತ ಅರ್ಜುನನ ಬಾಣಗಳಿಂದ ಈಗ ಹರಿದುಹೋಗಿದೆ, ಅದಕ್ಕೇ ಈಗ ಮಾತಾಡಲು ಬರುತ್ತಿದೆ ಎಂದನಂತೆ ಭೀಷ್ಮ.

ಈ ಕಥೆ ಕೇಳಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನಿಲ್ಲಬಾರದು, ಯಾಕೆಂದರೆ ಅದೇ ಸಭೆಯಲ್ಲಿ ವಿದುರನಿದ್ದ. ಅವನೂ ಹಸ್ತಿನಾವತಿಯ ಅನ್ನವನ್ನೇ ಉಂಡವನು. ದುರ್ಯೋಧನನ ಸ್ವಂತ ತಮ್ಮ ವಿಕರ್ಣನಿದ್ದ. ಇಬ್ಬರೂ ಮಾತಾಡಿದರು. ವಿದುರನಂತೂ ಸಭೆಗೆ ಪ್ರಹ್ಲಾದನ ಕಥೆಯನ್ನು ನೆನಪಿಸಿದ. ಸ್ವಂತ ಮಗ ವಿರೋಚನನ ವ್ಯಾಜ್ಯದಲ್ಲಿ ಪ್ರಹ್ಲಾದ ಎದುರಾಳಿ ಸುಧನ್ವನ ಪರವಾಗಿ ತೀರ್ಪು ಕೊಟ್ಟ ಕಥೆ ಅದು. ಅದರೊಳಗೊಂದು ಲೆಕ್ಕವೂ ಇದೆ: ಸಭೆಯಲ್ಲಿ ನಿಂದಿಸಬೇಕಾದದ್ದನ್ನು ನಿಂದಿಸದೆ ಬಿಟ್ಟರೆ ಪಾಪದಲ್ಲಿ ಅರ್ಧ ಸಭೆಯ ಮುಖ್ಯಸ್ಥನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಭಾಗ ಸುಮ್ಮನೆ ಕುಳಿತ ಸಭಾಸದರಿಗೆ. ಮಾಡಿದವನಿಗಿಂತ ಪೀಠದ ಯಜಮಾನನಿಗೆ ಹೆಚ್ಚು ಪಾಲು ಹಂಚಿದ ಈ ಲೆಕ್ಕವನ್ನು ನ್ಯಾಯಮಂಡಳಿಗಳ ಬಗ್ಗೆ ಯೋಚಿಸುವವರು ಮತ್ತೆ ಮತ್ತೆ ಓದಬೇಕು.

ಹಾಗಾದರೆ ಒಂದೇ ಅಡುಗೆಮನೆಯ ಅನ್ನ ಒಬ್ಬನನ್ನು ಮೂಕನಾಗಿಸಿತು, ಇನ್ನೊಬ್ಬನನ್ನು ಮುಟ್ಟಲಿಲ್ಲ. ಇದನ್ನು ಹಿಡಿದು, ಎಲ್ಲವೂ ವ್ಯಕ್ತಿಯ ಗುಣಕ್ಕೆ ಬಿಟ್ಟದ್ದು, ವ್ಯವಸ್ಥೆಯ ಮಾತೇಕೆ ಎನ್ನುವವರಿದ್ದಾರೆ. ಆ ವಾದ ಒಪ್ಪತಕ್ಕದ್ದಲ್ಲ. ಪ್ರತಿ ಪೀಠದಲ್ಲೂ ವಿದುರ ಸಿಗುತ್ತಾನೆಂದು ನಂಬಿ ಕೆರೆ, ಕಾಡುಗಳ ಹಣೆಬರಹವನ್ನು ಒಪ್ಪಿಸಿಬಿಡಲಾಗದು. ಸಾಧಾರಣ ಧೈರ್ಯದ ಮನುಷ್ಯನೂ ನೆಟ್ಟಗೆ ಮಾತಾಡಬಲ್ಲಂಥ ಕುರ್ಚಿ ಮಾಡಿಕೊಡುವುದು ರಾಜ್ಯದ ಕೆಲಸ.

ಸಂಬಳವೇ ಬೇಡ, ನ್ಯಾಯ ಹೇಳುವುದು ಪುಣ್ಯದ ಕೆಲಸ ಎಂದ ಪರಂಪರೆಗಳೂ ಇವೆ. ಯಹೂದಿಗಳ ಮಿಷ್ನಾ ಈ ವಿಷಯದಲ್ಲಿ ಬಹಳ ಕಟು: ಕೂಲಿ ಪಡೆದು ತೀರ್ಪು ಕೊಟ್ಟವನ ತೀರ್ಪುಗಳೇ ಅಸಿಂಧು. ಆದರೆ ನ್ಯಾಯಾಧೀಶನಿಗೂ ಹೊಟ್ಟೆ ಇದೆಯಲ್ಲ? ತಾಲ್ಮೂದಿನಲ್ಲಿ ರಾವ್ ಹೂನಾ ಎಂಬ ಗುರು ಇದಕ್ಕೊಂದು ದಾರಿ ಕಂಡುಕೊಳ್ಳುತ್ತಾನೆ. ವ್ಯಾಜ್ಯ ಹೊತ್ತು ಬಂದವರಿಗೆ ಅವನು ಹೇಳುತ್ತಿದ್ದದ್ದು ಇಷ್ಟೇ: ನನ್ನ ಬದಲಿಗೆ ಹೊಲಕ್ಕೆ ನೀರು ಸೇದಲು ಒಬ್ಬ ಆಳನ್ನು ಕೊಡಿ, ನಿಮ್ಮ ನ್ಯಾಯ ನೋಡುತ್ತೇನೆ. ತೀರ್ಪಿಗೆ ಬೆಲೆ ಇಲ್ಲ, ಬಿಟ್ಟ ಕೆಲಸಕ್ಕೆ ಬದಲಿ ಉಂಟು. ಇಷ್ಟು ಶುದ್ಧವಾದ ವೇತನ ಸಿದ್ಧಾಂತ ಇನ್ನೊಂದು ಸಿಗುವುದು ಕಷ್ಟ. ಆ ಆಳು ಬರುವುದು ನ್ಯಾಯ ಕೇಳಿ ಬಂದವರಿಂದಲೇ ನಿಜ, ಆದರೆ ಯಾರು ಗೆದ್ದರೂ ಯಾರು ಸೋತರೂ ಅವನು ಸೇದುವ ನೀರು ಅಷ್ಟೇ.

ಫ್ರಾನ್ಸಿನಲ್ಲಿ ನಡೆದದ್ದು ಇದರ ತಲೆಕೆಳಗು. ಅಲ್ಲಿ ಮೊಕದ್ದಮೆ ಗೆದ್ದವರು ನ್ಯಾಯಾಧೀಶರಿಗೆ ಸಂಬಾರ ಪದಾರ್ಥ ಕೊಡುವ ರೂಢಿಯಿತ್ತು. ಕ್ರಮೇಣ ಸಂಬಾರದ ಜಾಗಕ್ಕೆ ನಗದು ಬಂತು, ಉಡುಗೊರೆ ಕಡ್ಡಾಯವಾಯಿತು. ನ್ಯಾಯಾಧೀಶರ ಹುದ್ದೆಗಳೇ ಮಾರಾಟದ ಸರಕಾಗಿದ್ದ ಆ ಪದ್ಧತಿಯನ್ನು 1789ರ ಆಗಸ್ಟ್‌ನಲ್ಲಿ ಕ್ರಾಂತಿಯ ಸಭೆ ಕಿತ್ತುಹಾಕಿತು.

ಸಂಬಳವಿಲ್ಲದ ನ್ಯಾಯ ಎಂಥದ್ದಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಹಳ್ಳಿಗಾಡು ಸಾಕ್ಷಿ. ಅಲ್ಲಿನ ಶಾಂತಿಪಾಲಕ ನ್ಯಾಯಾಧೀಶರು ಸಂಬಳ ಪಡೆಯುತ್ತಿರಲಿಲ್ಲ, ಹಾಗಾಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಜಮೀನ್ದಾರರೇ. 1671ರ ಬೇಟೆ ಕಾಯ್ದೆ, ವರ್ಷಕ್ಕೆ 100 ಪೌಂಡ್ ಉತ್ಪತ್ತಿಯ ಸ್ವಂತ ಜಮೀನಿರುವಂಥವರಿಗೆ ಮಾತ್ರ ಬೇಟೆಯ ಹಕ್ಕು ಕೊಟ್ಟಿತ್ತು. ಮೊಲ ಹಿಡಿದ ಬಡವನನ್ನು ಪುಕ್ಕಟೆಯಾಗಿ ವಿಚಾರಿಸುತ್ತಿದ್ದದ್ದು ಆ ಮೊಲದ ಮೇಲೆ ಹಕ್ಕು ಹೇಳುವ ವರ್ಗದವನೇ. ಕಾಡಿನ, ಪ್ರಾಣಿಯ ನ್ಯಾಯ ಕೇಳುವವನಿಗೆ ಸಂಬಳ ಕೊಡದಿದ್ದರೆ ಆ ಜಾಗ ಸಂತರಿಗೇ ಸಿಗುತ್ತದೆಂಬ ಭರವಸೆ ಇಲ್ಲ. ಉಳ್ಳವರಿಗೆ ಸಿಗುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ದಾರಿ, ತಪ್ಪಿತಸ್ಥನಿಂದಲೇ ವಸೂಲು ಮಾಡಿ ನ್ಯಾಯಾಧೀಶನಿಗೆ ಕೊಡುವುದು. ಪರಿಸರದ ಕಾನೂನಿನಲ್ಲಿ ಮಲಿನಗೊಳಿಸಿದವನೇ ತೆರಬೇಕೆಂಬ ತತ್ವ ಇರುವುದರಿಂದ ಇದು ಸಹಜ ಎನ್ನಿಸಬಹುದು. ಅಮೆರಿಕದ ಓಹಾಯೋ ರಾಜ್ಯದ ನಾರ್ತ್ ಕಾಲೇಜ್ ಹಿಲ್ ಎಂಬ ಹಳ್ಳಿ ಇದನ್ನು ಮಾಡಿ ನೋಡಿದೆ. ಮದ್ಯ ನಿಷೇಧದ ಕಾಲ. ಹಳ್ಳಿಯ ಮೇಯರನೇ ನ್ಯಾಯಾಧೀಶ. ಟ್ಯೂಮಿ ಎಂಬಾತ ಮದ್ಯ ಇಟ್ಟುಕೊಂಡಿದ್ದ ಆರೋಪದಲ್ಲಿ ಸಿಕ್ಕಿಬಿದ್ದ, 100 ಡಾಲರ್ ದಂಡವಾಯಿತು. ಅಪರಾಧ ಸಾಬೀತಾಯಿತು ಎಂದು ಬರೆದದ್ದಕ್ಕೆ ಮೇಯರನ ಜೇಬಿಗೆ 12 ಡಾಲರ್ ಬಂತು. ನಿರಪರಾಧಿ ಎಂದಿದ್ದರೆ ಸೊನ್ನೆ. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಶಿಕ್ಷೆಯಾದರೆ ಮಾತ್ರ ಲಾಭ ಪಡೆಯುವವನ ಮುಂದೆ ಯಾರನ್ನೂ ನಿಲ್ಲಿಸಬಾರದು ಎಂಬುದು ಅದರ ನಿಲುವು.

ಈ ಹನ್ನೆರಡು ಡಾಲರಿನ ಪಾಠ ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಅನ್ವಯಿಸುತ್ತದೆ. ನೊರೆ ಉಗುಳಿ, ಬೆಂಕಿ ಹೊತ್ತಿಸಿಕೊಂಡು ದೇಶದ ಕಣ್ಣಿಗೆ ಬಿದ್ದ ಆ ಕೆರೆಯ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಮೇಲುಸ್ತುವಾರಿಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ದಂಡದಲ್ಲಿ ಒಂದು ಪೈಸೆಯಾದರೂ ಮಂಡಳಿಯ ಖರ್ಚಿಗೆ ಹೋಗುವಂತಿದ್ದರೆ, ತೀರ್ಪು ಎಷ್ಟೇ ನ್ಯಾಯವಾಗಿದ್ದರೂ ಅದರ ಮೇಲೆ ಅನುಮಾನದ ನೆರಳು ಬೀಳುತ್ತಿತ್ತು. ಹಾಗಿಲ್ಲ. ಕಾಯ್ದೆಯಡಿ ಮಂಡಳಿ ವಿಧಿಸುವ ಪರಿಹಾರದ ಹಣವನ್ನು ಪರಿಸರ ಪರಿಹಾರ ನಿಧಿಯ ಕಡೆಗೆ ತಿರುಗಿಸುವ ಏರ್ಪಾಡನ್ನು 24ನೇ ಕಲಮು ಮಾಡಿದೆ.

ಪಕ್ಷಗಾರರು ಕೊಡಬಾರದು, ದಂಡದಿಂದ ಬರಬಾರದು, ಪುಕ್ಕಟೆಯೂ ಆಗಬಾರದು. ಉಳಿಯುವುದು ಬೊಕ್ಕಸ. ಕೌಟಿಲ್ಯ ಇದನ್ನು ಭಾವುಕತೆಯಿಲ್ಲದೆ ಯೋಚಿಸಿದ್ದಾನೆ. ಅರ್ಥಶಾಸ್ತ್ರದ ವೇತನ ಪಟ್ಟಿಯಲ್ಲಿ ಋತ್ವಿಜ, ಆಚಾರ್ಯ, ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣ, ಕೊನೆಯ ಸಾಲಿನ ಪರಿಚಾರಕರಿಗೆ 60 ಪಣ. ಮೇಲಿನವರಿಗೆ ಯಾಕಿಷ್ಟು ಎಂಬುದಕ್ಕೂ ಅವನೇ ಕಾರಣ ಕೊಡುತ್ತಾನೆ: ಇಷ್ಟಿದ್ದರೆ ಅವರು ಆಮಿಷಕ್ಕೆ ಬೀಳುವುದಿಲ್ಲ, ಸಿಟ್ಟಿಗೂ ಏಳುವುದಿಲ್ಲ. ಜೊತೆಗೆ, ತಪ್ಪು ಮಾಡುವ ನ್ಯಾಯಾಧಿಕಾರಿಗಳಿಗೂ ದಂಡದ ಪಟ್ಟಿಯನ್ನು ಇಟ್ಟೇ ಇದ್ದಾನೆ.

ಆದರೆ ಬೊಕ್ಕಸವೇ ಪ್ರತಿವಾದಿಯಾದಾಗ ಏನು ಮಾಡಬೇಕೆಂದು ಅವನು ಹೇಳುವುದಿಲ್ಲ. ಅದು ನಮ್ಮ ಕಾಲದ ಪ್ರಶ್ನೆ. 1997ರ ಎಲ್. ಚಂದ್ರಕುಮಾರ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್, ನ್ಯಾಯಮಂಡಳಿಗಳನ್ನೆಲ್ಲ ಅವುಗಳ ಮಾತೃ ಸಚಿವಾಲಯಗಳಿಂದ ಬಿಡಿಸಿ ಒಂದೇ ಸಂಸ್ಥೆಯ ಮೇಲ್ವಿಚಾರಣೆಗೆ ತರಬೇಕು ಎಂದಿತ್ತು. 2010ರ ತೀರ್ಪೊಂದರಲ್ಲಿ ಇನ್ನೂ ಬಿಡಿಸಿ ಹೇಳಿತು: ನ್ಯಾಯಮಂಡಳಿಯಾಗಲಿ ಅದರ ಸದಸ್ಯರಾಗಲಿ ಮಾತೃ ಸಚಿವಾಲಯದಿಂದ ಸೌಲಭ್ಯ ಕೇಳಲೂಬಾರದು, ಪಡೆಯಲೂಬಾರದು. ಅದೇ ವರ್ಷದ ಅಕ್ಟೋಬರ್ 18ಕ್ಕೆ ಹಸಿರು ನ್ಯಾಯಮಂಡಳಿ ಅಸ್ತಿತ್ವಕ್ಕೆ ಬಂತು, ಪರಿಸರ ಸಚಿವಾಲಯದ ಮಡಿಲಲ್ಲೇ.

ಮೊದಲ ವರ್ಷಗಳ ಪರದಾಟವನ್ನು ಈಗ ಬಹಳ ಜನ ಮರೆತಿದ್ದಾರೆ. ಸದಸ್ಯರಿಗೆ ದೆಹಲಿಯಲ್ಲಿ ಸರಿಯಾದ ಮನೆ ಸಿಗದೆ ಅತಿಥಿಗೃಹಗಳಲ್ಲಿ ದಿನ ದೂಡಬೇಕಾಯಿತು. ಕೆಲವರು ಹುದ್ದೆಯನ್ನೇ ಬಿಟ್ಟು ಹೋದರು. 2012ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡ ಮೇಲೆ ಸರ್ಕಾರ ಅಲುಗಾಡಿತು. ಯಾರ ಅನುಮತಿ ಪತ್ರವನ್ನು ರದ್ದು ಮಾಡುವ ಅಧಿಕಾರವಿದೆಯೋ ಅವರ ಕಚೇರಿಗೇ ಮನೆಗಾಗಿ ಪತ್ರ ಬರೆಯಬೇಕಾದ ಸ್ಥಿತಿ ಅದು. ಲಂಚದ ಸೋಂಕಿಲ್ಲದೆಯೂ ಮನುಷ್ಯನ ಬೆನ್ನುಮೂಳೆಯನ್ನು ಬಗ್ಗಿಸುವುದಕ್ಕೆ ಇಷ್ಟು ಸಾಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮಂಡಳಿಗಳ ಅಧ್ಯಕ್ಷರಿಗೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 1.5 ಲಕ್ಷ, ಸದಸ್ಯರಿಗೆ 1.25 ಲಕ್ಷ ರೂಪಾಯಿ ಬಾಡಿಗೆ ಭತ್ಯೆ ಕೊಡಿ ಎಂದು ಆದೇಶಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ದೇಶದ ಅತ್ಯುನ್ನತ ನ್ಯಾಯಪೀಠ ಮನೆ ಬಾಡಿಗೆಯ ಮೊತ್ತ ಬರೆಯಲು ಕುಳಿತದ್ದನ್ನು ಕ್ಷುಲ್ಲಕ ಎನ್ನಲಾಗದು. ನ್ಯಾಯದ ಸ್ವಾತಂತ್ರ್ಯ ಎಂಬ ದೊಡ್ಡ ಮಾತು ಕೊನೆಗೆ ಇಳಿದು ಬಂದು ನಿಲ್ಲುವುದು ಇಂಥ ಜಾಗದಲ್ಲೇ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಭೂಮಿ ಮತ್ತು ಪರಿಸರ ನ್ಯಾಯಾಲಯ 1980ರಿಂದ ನಡೆಯುತ್ತಿದೆ. ಅಲ್ಲಿ ನ್ಯಾಯಾಧೀಶರ ಜೊತೆ ವಾಸ್ತುಶಿಲ್ಪ, ಎಂಜಿನಿಯರಿಂಗ್, ನಗರ ಯೋಜನೆ ಬಲ್ಲ ಆಯುಕ್ತರೂ ತೀರ್ಪು ಕೊಡುತ್ತಾರೆ. ಅವರ ಸಂಬಳ ಎಷ್ಟೆಂಬುದನ್ನು ನಿಗದಿ ಮಾಡುವುದು ಯಾವುದೇ ಖಾತೆಯ ಮಂತ್ರಿಯಲ್ಲ, ಸಂಭಾವನೆ ನಿಗದಿಗೆಂದೇ 1975ರ ಕಾಯ್ದೆಯಿಂದ ರಚಿತವಾದ ಪ್ರತ್ಯೇಕ ನ್ಯಾಯಮಂಡಳಿ. ಹಣ ಸರ್ಕಾರದ್ದೇ. ಆದರೆ ಲೆಕ್ಕ ಹಾಕುವ ಕೈ ಬೇರೆ.

ಇಷ್ಟು ಸದಸ್ಯರ ಮಾತಾಯಿತು. ಸಲಹೆಗಾರರ ಸಂಗತಿ ಇನ್ನೂ ತೊಡಕಿನದು.

ನ್ಯೂಜಿಲೆಂಡಿನ ಪರಿಸರ ನ್ಯಾಯಾಲಯ ತನ್ನ ಜೊತೆ ವಿಶೇಷ ಸಲಹೆಗಾರರನ್ನು ಕೂರಿಸಿಕೊಳ್ಳಬಹುದು. ಅವರು ಪೀಠದ ಪಕ್ಕ ಕೂರುತ್ತಾರೆ, ನೆರವಾಗುತ್ತಾರೆ, ಆದರೆ ನ್ಯಾಯಾಲಯದ ಸದಸ್ಯರಲ್ಲ ಎಂದು 1991ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಭಾರತದ ಕಾಯ್ದೆಯ 4ನೇ ಕಲಮೂ ಒಂದು ಪ್ರಕರಣದ ವಿಶೇಷ ಜ್ಞಾನವುಳ್ಳವರನ್ನು ನೆರವಿಗೆ ಕರೆಯಲು ಅಧ್ಯಕ್ಷರಿಗೆ ಅಧಿಕಾರ ಕೊಡುತ್ತದೆ. ಆದರೆ ಇಲ್ಲಿ ಹೆಚ್ಚಾಗಿ ನಡೆಯುವುದು ಜಂಟಿ ಸಮಿತಿಯ ದಾರಿ. ಜಿಲ್ಲಾಧಿಕಾರಿಯ ಕಡೆಯವರು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು, ಕೇಂದ್ರ ಮಂಡಳಿಯ ವಿಜ್ಞಾನಿ ಸೇರಿ ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡುತ್ತಾರೆ.

ಕೆರೆಯ ದಂಡೆಯಲ್ಲಿ ಆಗುವ ಕೆಲಸ ಹೀಗಿರುತ್ತದೆ. 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಗುಳ್ಳೆ ಸೇರದಂತೆ ನೀರು ತುಂಬುತ್ತಾರೆ. ಅಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಮೇಲೆ ಕ್ಷಾರೀಯ ಅಯೊಡೈಡ್ ಹಾಕಿ, ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಅಲುಗಿಸುತ್ತಾರೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಮಡ್ಡಿ ಕೆಳಗಿಳಿಯುತ್ತದೆ. ನೀರು ಸತ್ತಿದ್ದರೆ ಮಡ್ಡಿ ಬೆಳ್ಳಗೇ ಉಳಿಯುತ್ತದೆ. ಈ ಬಣ್ಣಕ್ಕೆ ಯಾರ ಮುಲಾಜೂ ಇಲ್ಲ. ಮುಲಾಜು ಬರುವುದು ಬಾಟಲಿಯ ಆಚೆಗೆ: ನೀರನ್ನು ಚರಂಡಿ ಕೂಡುವ ಬಾಯಲ್ಲಿ ತೆಗೆದರೋ ಕೋಡಿಯ ಹತ್ತಿರವೋ, ಮಳೆ ಬಂದ ಮಾರನೆಯ ದಿನವೋ ಬೇಸಿಗೆಯಲ್ಲೋ, ವರದಿಯಲ್ಲಿ ಯಾವ ವಾಕ್ಯ ಮೊದಲು ಬಂತು. ಸಮಿತಿಯವರಿಗೆ ಸಂಬಳ ಕೊಡುವುದು ಸರ್ಕಾರ, ಇಲ್ಲವೇ ಕಾರ್ಖಾನೆಗಳು ಕಟ್ಟುವ ಸಮ್ಮತಿ ಶುಲ್ಕವೂ ಸೇರುವ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಧಿ. ಕೆರೆ ಹಾಳಾದದ್ದಕ್ಕೆ ಮಂಡಳಿಯ ನಿರ್ಲಕ್ಷ್ಯವೇ ಕಾರಣ ಎಂಬುದು ಅರ್ಜಿದಾರನ ದೂರಾಗಿದ್ದರೆ, ಮಂಡಳಿಯ ಅಧಿಕಾರಿ ಬರೆಯಬೇಕಾದದ್ದು ತನ್ನ ಮೇಲಿನ ಅಧಿಕಾರಿಯ ತಪ್ಪನ್ನು. ಅದನ್ನು ಬರೆದ ಪ್ರಾಮಾಣಿಕರು ಇದ್ದಾರೆ, ಅವರಿಗೆ ನಾಡು ಋಣಿ. ಸಮಿತಿಗಳ ಮೇಲೆ ಪೀಠ ಇಷ್ಟು ಭಾರ ಹಾಕುವುದು ಸರಿಯಲ್ಲ, ನಿರ್ಣಯಿಸುವ ಹೊಣೆಯನ್ನು ಹೊರಗಿನವರಿಗೆ ವಹಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲೂ 2022ರಲ್ಲೂ ಎಚ್ಚರಿಸಿದೆ.

ಇದಕ್ಕೂ ಹಿಂದಿನ ಹಂತವೊಂದಿದೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಒಂದು ಯೋಜನೆಯಿಂದ ಎಷ್ಟು ಮರ ಹೋಗುತ್ತದೆ, ಎಷ್ಟು ನೀರು ಕೆಡುತ್ತದೆ ಎಂಬ ಪರಿಸರ ಪರಿಣಾಮ ವರದಿಯನ್ನು ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವುದು ಯೋಜನೆ ಮಾಡುವವರೇ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ಬೆಳಕಿಗೆ ಬಂದ ಅಂಕಿಗಳನ್ನು ನೋಡಿ. ಬಿಡಿಎ ಮೊದಲು ಕೊಟ್ಟ ಅರ್ಜಿಯಲ್ಲಿ ಕಡಿಯಬೇಕಾದ ಮರಗಳು 200ರಿಂದ 500. ಆಮೇಲಿನ ವರದಿಯಲ್ಲಿ 16,785. ನ್ಯಾಯಾಲಯ ಹೊಸದಾಗಿ ಅಧ್ಯಯನ ಮಾಡಲು ಹೇಳಿತು. ಪೀಠದಲ್ಲಿ ಕೂರುವವರ ಸಂಬಳಕ್ಕೆ ಎಷ್ಟೇ ಬೇಲಿ ಹಾಕಿದರೂ ಅವರ ಕಣ್ಣಮುಂದೆ ಬರುವ ಕಾಗದವೇ ಒಂದು ಪಕ್ಷದ ದುಡ್ಡಿನಿಂದ ಹುಟ್ಟಿದ್ದರೆ, ಸತ್ಯ ತಿಳಿಯುವುದು ಎಲ್ಲಿಂದ?

ಇನ್ನೊಂದೆಡೆ, ತನ್ನ ಹಳ್ಳದಲ್ಲಿ ಯಾವ ಮೀನು ಯಾವ ತಿಂಗಳಲ್ಲಿ ಮೊಟ್ಟೆಯಿಡುತ್ತಿತ್ತು, ಯಾವ ವರ್ಷದಿಂದ ಕಾಣೆಯಾಯಿತು ಎಂದು ಬಾಯಲ್ಲೇ ಹೇಳಬಲ್ಲ ಬೆಸ್ತನಿಗೆ ಯಾವ ಗೌರವಧನವೂ ಇಲ್ಲ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕ ಕಟ್ಟಿ, ಕೆಲಸ ಬಿಟ್ಟು, ಬಸ್ ಹಿಡಿದು ಚೆನ್ನೈಗೆ ಹೋಗಿ ತನ್ನ ಅರಿವನ್ನು ಪೀಠದ ಮುಂದೆ ಇಡುವವನು ಅವನು. ರಾವ್ ಹೂನಾ ತನಗಾಗಿ ಕೇಳಿದ ಬದಲಿ ಆಳನ್ನು ಇವನಿಗೆ ಯಾರು ಕೊಡುತ್ತಾರೆ? ತಜ್ಞ ಸದಸ್ಯರಾಗಲು ವಿಜ್ಞಾನದ ಸ್ನಾತಕೋತ್ತರ ಪದವಿಯ ಜೊತೆ ಡಾಕ್ಟರೇಟು ಅಥವಾ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿ, ಅದರ ಮೇಲೆ 15 ವರ್ಷದ ಅನುಭವ ಬೇಕು ಎನ್ನುತ್ತದೆ ಕಾಯ್ದೆ. ಇಲ್ಲವಾದರೆ 15 ವರ್ಷದ ಆಡಳಿತಾನುಭವ, ಅದರಲ್ಲಿ 5 ವರ್ಷ ಪರಿಸರಕ್ಕೆ ಸಂಬಂಧಿಸಿದ್ದು. ಈ ಎರಡನೆಯ ಬಾಗಿಲಿನಿಂದ ನಿವೃತ್ತ ಅಧಿಕಾರಿಗಳು ಹಲವರು ಬಂದಿದ್ದಾರೆ. ಅವರಲ್ಲಿ ಸಮರ್ಥರಿದ್ದಾರೆ, ನಿಜ. ಆದರೂ ಇಡೀ ವೃತ್ತಿಜೀವನ ಸರ್ಕಾರದ ಅನ್ನ ಉಂಡವರನ್ನೇ ಸರ್ಕಾರದ ತಪ್ಪು ತೂಗಲು ಕೂರಿಸುವಾಗ ಹೆಚ್ಚಿನ ಎಚ್ಚರ ಬೇಕು.

ಮೀಮಾಂಸಕರು ಯಜ್ಞದ ವಿಷಯದಲ್ಲಿ ಕೇಳಿಕೊಂಡ ಪ್ರಶ್ನೆಯೊಂದು ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಋತ್ವಿಜರಿಗೆ ಕೊಡುವ ದಕ್ಷಿಣೆ ದಾನವೇ? ಅಲ್ಲ ಎನ್ನುತ್ತಾರೆ ಅವರು. ಅದು ಕೆಲಸಕ್ಕೆ ಗೊತ್ತುಮಾಡಿಕೊಂಡ ಬೆಲೆ. ಬೆಲೆ ತೆಗೆದುಕೊಂಡದ್ದರಿಂದ ಋತ್ವಿಜರ ಕೆಲಸ ಕೀಳಾಗುವುದಿಲ್ಲ, ಆದರೆ ಯಜ್ಞದ ಫಲ ಅವರದಲ್ಲ, ಯಜಮಾನನದು. ಸಂಬಳವನ್ನು ಹೀಗೆ ಕಂಡರೆ ಅನ್ನದ ಋಣದ ಭಾರ ತಾನಾಗಿ ಇಳಿಯುತ್ತದೆ. ಕೊಟ್ಟದ್ದು ಬೆಲೆ, ಮಾಡಿದ್ದು ಕೆಲಸ, ಅಲ್ಲಿಗೆ ಚುಕ್ತಾ. ಕೃತಜ್ಞತೆಯ ಬಾಕಿ ಯಾರ ಕಡೆಯೂ ಉಳಿಯುವುದಿಲ್ಲ. ಭೀಷ್ಮ ಎಡವಿದ್ದು ಇಲ್ಲೇ ಇರಬೇಕು: ತಾನು ದುಡಿದು ತೀರಿಸಿದ್ದನ್ನೂ ಅವನು ತೀರದ ಋಣವೆಂದು ಹೊತ್ತುಕೊಂಡ.

ಹಾಗಾದರೆ ಹಸಿರು ಪೀಠದ ಯಜಮಾನ ಯಾರು, ತೀರ್ಪಿನ ಫಲ ಯಾರಿಗೆ? ಸಹಿ ಹಾಕಿ ಹಣ ಬಿಡುಗಡೆ ಮಾಡುವ ಸಚಿವಾಲಯ ಯಜಮಾನನಲ್ಲ, ಅದು ಗಂಟು ಹೊತ್ತ ಪಾರುಪತ್ಯಗಾರ ಮಾತ್ರ. ಫಲ ಸೇರಬೇಕಾದದ್ದು ತೆರಿಗೆ ಕಟ್ಟುವ ಜನಕ್ಕೆ, ಜೊತೆಗೆ ತೆರಿಗೆ ಕಟ್ಟಲಾಗದ, ವಕೀಲರನ್ನಿಡಲಾಗದ ಕೆರೆಗೆ, ಆನೆಗೆ, ಇನ್ನು ನೂರು ವರ್ಷಕ್ಕೆ ಹುಟ್ಟುವ ಮಗುವಿಗೆ. ಬೇರೆ ಯಾವ ನ್ಯಾಯಾಲಯದಲ್ಲೂ ನಿಜವಾದ ಪಕ್ಷಗಾರರು ಇಷ್ಟೊಂದು ಮೂಕರಲ್ಲ, ಇಷ್ಟೊಂದು ದೂರದವರಲ್ಲ. ಅವರು ಸಂಬಳ ಕೊಡಲಾರರು. ಅವರ ಪರವಾಗಿ ಇಂದಿನವರು ಕೊಡುತ್ತಿದ್ದಾರೆ, ಅಷ್ಟೇ.

ಮೀಮಾಂಸೆಯಲ್ಲಿ ಸತ್ರ ಎಂಬ ದೀರ್ಘ ಯಾಗದ ಮಾತೂ ಬರುತ್ತದೆ. ಅದರಲ್ಲಿ ದಕ್ಷಿಣೆಯೇ ಇಲ್ಲ, ಯಾಕೆಂದರೆ ಋತ್ವಿಜರೆಲ್ಲರೂ ಅಲ್ಲಿ ತಾವೇ ಯಜಮಾನರು, ಫಲದಲ್ಲಿ ಎಲ್ಲರಿಗೂ ಪಾಲು. ದೆಹಲಿಯ ಕೋಪರ್ನಿಕಸ್ ರಸ್ತೆಯ ಫರೀದ್‌ಕೋಟ್ ಹೌಸ್‌ನಲ್ಲಿ ಹಸಿರು ನ್ಯಾಯಮಂಡಳಿಯ ಪ್ರಧಾನ ಪೀಠ ಕೂರುತ್ತದೆ. ನವೆಂಬರಿನಲ್ಲಿ ಆ ಕಟ್ಟಡದ ಹೊರಗಿನ ಹೊಗೆಯನ್ನು ಅರ್ಜಿದಾರ, ಪ್ರತಿವಾದಿ, ವಕೀಲ, ಸದಸ್ಯ ಎಲ್ಲರೂ ಒಂದೇ ಮೂಗಿನಿಂದ ಎಳೆದುಕೊಳ್ಳುತ್ತಾರೆ. ಈ ಅರ್ಥದಲ್ಲಿ ಅಲ್ಲಿ ಕುಳಿತವರು ಋತ್ವಿಜರೂ ಹೌದು, ಯಜಮಾನರೂ ಹೌದು. ಸಂಬಳದ ಆಚೆಗಿನ ಒಂದು ಹೊಣೆ ಅವರಿಗೆ ಬರುವುದು ಇಲ್ಲಿಂದ. ಹಾಗೆಂದು ಸಂಬಳ ಬೇಡವೆನ್ನಲಾಗದು. ಯಾಗಕ್ಕೆ ಕೂತ ಅಷ್ಟು ಕಾಲ ಮನೆ ನಡೆಯಲೇಬೇಕಲ್ಲ.

ಎಷ್ಟು ಬೇಕು ಎಂಬ ಪ್ರಶ್ನೆಗೆ ಕಲ್ಯಾಣದ ಶರಣರಲ್ಲಿ ಒಂದು ಉತ್ತರವಿದೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರು ಎನ್ನುವವರೂ ಉಂಟು. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ನಮಗೇಕೆ, ಬಿದ್ದಿದ್ದ ಜಾಗಕ್ಕೇ ಚೆಲ್ಲಿ ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಮೋಸದಿಂದ ಬಂದದ್ದಲ್ಲ ಆ ಅಕ್ಕಿ. ಕಾಯಕಕ್ಕೆ ತಕ್ಕದ್ದಕ್ಕಿಂತ ಹೆಚ್ಚಿನದು, ಅಷ್ಟೇ ಅವಳ ಆಕ್ಷೇಪ.

ಇಂದಿನ ನ್ಯಾಯಮಂಡಳಿಗಳ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲುವುದು ಸಂಬಳದ ರೂಪದಲ್ಲಿ ಅಲ್ಲ. ಪಿಂಚಣಿ ಪಡೆಯುವವರ ವೇತನದಲ್ಲಿ ಪಿಂಚಣಿಯ ಮೊತ್ತ ಕಳೆದೇ ಕೊಡುತ್ತಾರೆ, ಆ ಮಟ್ಟಿಗೆ ಲೆಕ್ಕ ಬಿಗಿಯಾಗಿಯೇ ಇದೆ. ನೇಮಕವಾದ ಮೇಲೆ ಸದಸ್ಯರ ವೇತನವನ್ನು ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂಬ ರಕ್ಷಣೆಯೂ 9ನೇ ಕಲಮಿನಲ್ಲಿದೆ. ಅಕ್ಕಿ ಚೆಲ್ಲುವುದು ಅವಧಿ ಮುಗಿದ ಮೇಲೆ. 5ನೇ ಕಲಮಿನ ಪ್ರಕಾರ, ಹುದ್ದೆ ಬಿಟ್ಟ ಎರಡು ವರ್ಷ, ಮಂಡಳಿಯ ಮುಂದೆ ಪಕ್ಷಗಾರರಾಗಿದ್ದವರ ಆಡಳಿತಕ್ಕೆ ಸಂಬಂಧಿಸಿದ ಕೆಲಸಕ್ಕೆ ಯಾವ ಸದಸ್ಯರೂ ಸೇರುವಂತಿಲ್ಲ. ಒಳ್ಳೆಯ ನಿಯಮ. ಆದರೆ ಅದಕ್ಕೊಂದು ಬಾಲವಿದೆ: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಶಾಸನಬದ್ಧ ಪ್ರಾಧಿಕಾರ, ಸರ್ಕಾರಿ ಕಂಪನಿಗಳ ಕೆಲಸಕ್ಕೆ ಈ ನಿರ್ಬಂಧ ಅನ್ವಯಿಸದು. ಖಾಸಗಿ ಗಣಿ ಕಂಪನಿಯ ಬಾಗಿಲು ಮುಚ್ಚಿ, ಪೀಠದ ಮುಂದೆ ಮತ್ತೆ ಮತ್ತೆ ನಿಲ್ಲುವ ಪಕ್ಷಗಾರನ ಬಾಗಿಲನ್ನು ತೆರೆದಿಟ್ಟ ಹಾಗಾಯಿತು. ಮುಂದಿನ ಸಮಿತಿ, ಮುಂದಿನ ಆಯೋಗ, ಮುಂದಿನ ಪ್ರಾಧಿಕಾರದ ಆಸೆ ಮನುಷ್ಯನ ಮೇಲೆ ಮಾಡುವ ಕೆಲಸವನ್ನು ಯಾವ ಸಂಬಳದ ಚೀಟಿಯೂ ತೋರಿಸುವುದಿಲ್ಲ. ಆ ಒಂದು ವಿನಾಯಿತಿಯನ್ನು ಕಾಯ್ದೆಯಿಂದ ತೆಗೆದುಹಾಕುವುದಕ್ಕೆ ಬೊಕ್ಕಸದ ಒಂದು ರೂಪಾಯಿಯೂ ಬೇಡ.

ಅವಧಿಯ ಹಗ್ಗಜಗ್ಗಾಟವೂ ಇದಕ್ಕೇ ಸೇರಿದ್ದು. ಮೂಲ ಕಾಯ್ದೆಯಲ್ಲಿ ಐದು ವರ್ಷ, ಮರುನೇಮಕವಿಲ್ಲ. 2017ರ ಹಣಕಾಸು ಕಾಯ್ದೆ ನ್ಯಾಯಮಂಡಳಿಗಳ ನೇಮಕ, ವೇತನ, ಅವಧಿಯ ನಿಯಮ ಬರೆಯುವ ಅಧಿಕಾರವನ್ನು ಕೇಂದ್ರದ ಕೈಗೆ ಕೊಟ್ಟಿತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರದಡಿ ಬರೆದ ನಿಯಮಗಳನ್ನು ರದ್ದು ಮಾಡಿತು. 2020ರಲ್ಲಿ ಹೊಸ ನಿಯಮ ಬಂತು, 2021ರಲ್ಲಿ ಸುಗ್ರೀವಾಜ್ಞೆ ಬಂತು, ಅದರ ಮುಖ್ಯ ಭಾಗಗಳನ್ನು ಜುಲೈನಲ್ಲಿ ನ್ಯಾಯಾಲಯ ಹೊಡೆದುಹಾಕಿತು, ಆಗಸ್ಟ್‌ನಲ್ಲಿ ಸಂಸತ್ತು ಹೆಚ್ಚುಕಡಿಮೆ ಅದನ್ನೇ ನಾಲ್ಕು ವರ್ಷದ ಅವಧಿಯೊಂದಿಗೆ ಕಾಯ್ದೆ ಮಾಡಿತು. ಈ ನಡುವೆ ಹಸಿರು ಮಂಡಳಿ ಸೊರಗಿತು. 2018ರ ಹೊತ್ತಿಗೆ ಪ್ರಾದೇಶಿಕ ಪೀಠಗಳು ಸದಸ್ಯರಿಲ್ಲದೆ ನಿಂತುಹೋಗಿ, ದೂರದ ಊರುಗಳ ಪ್ರಕರಣಗಳನ್ನು ವಿಡಿಯೊ ಮೂಲಕ ದೆಹಲಿಯಿಂದ ಕೇಳುವಂತಾಯಿತು. ಕಾಯ್ದೆ ಹೇಳುವುದು ಕನಿಷ್ಠ 10 ನ್ಯಾಯಾಂಗ ಸದಸ್ಯರು, ಕನಿಷ್ಠ 10 ತಜ್ಞ ಸದಸ್ಯರು ಇರಬೇಕೆಂದು. ಖಾಲಿ ಕುರ್ಚಿಗೆ ಸಂಬಳ ಕೊಡಬೇಕಿಲ್ಲ ನಿಜ, ಆದರೆ ಆ ಉಳಿತಾಯದ ಬೆಲೆಯನ್ನು ತೆತ್ತದ್ದು ಕೆರೆ ಕಾಡುಗಳು.

2025ರ ನವೆಂಬರ್ 19ರಂದು ಸುಪ್ರೀಂ ಕೋರ್ಟ್ 2021ರ ಕಾಯ್ದೆಯ ನೇಮಕ, ಅವಧಿ ಮತ್ತು ಸೇವಾ ಷರತ್ತುಗಳ ಅಂಶಗಳನ್ನು ಹೊಡೆದುಹಾಕಿ, ರಾಷ್ಟ್ರೀಯ ನ್ಯಾಯಮಂಡಳಿ ಆಯೋಗವೊಂದನ್ನು ನಾಲ್ಕು ತಿಂಗಳಲ್ಲಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಂಥ ಆಯೋಗಕ್ಕೆ ಯಾರನ್ನು ನೇಮಿಸುತ್ತಾರೆ ಎಂಬುದನ್ನು ಪತ್ರಿಕೆಗಳು ಹೇಗೂ ಬರೆಯುತ್ತವೆ. ಜನ ಅದಕ್ಕಿಂತ ಗಮನವಿಟ್ಟು ನೋಡಬೇಕಾದದ್ದು ಬಜೆಟ್ ಪುಸ್ತಕದ ಒಂದು ಸಾಲನ್ನು: ಹಸಿರು ನ್ಯಾಯಮಂಡಳಿಯ ವೆಚ್ಚ ಮುಂದೆಯೂ ಪರಿಸರ ಸಚಿವಾಲಯದ ಬೇಡಿಕೆಯಡಿಯಲ್ಲೇ ಅಚ್ಚಾಗುತ್ತದೆಯೇ, ಅಲ್ಲಿಂದ ಎದ್ದು ಆಯೋಗದ ಕೈಗೆ, ಮತಕ್ಕೆ ಹಾಕಲಾಗದ ಸಂಚಿತ ನಿಧಿಯ ವೆಚ್ಚವಾಗಿ ಹೋಗುತ್ತದೆಯೇ ಎಂಬುದನ್ನು.